ಊರು ದಾಟಿದ ಮೇಲಿನ ನದಿ

ಲಂಡನ್ನಿಗೆ ಹೋಗಿಬಂದವರ ಮೊಬೈಲಿನಲ್ಲಿರುವ ಥೇಮ್ಸ್ ನದಿಯ ಫೋಟೊಗಳೆಲ್ಲ ಹೆಚ್ಚುಕಡಿಮೆ ಎರಡು-ಮೂರು ಮೈಲಿಯೊಳಗೆ ತೆಗೆದವು. ಪಾರ್ಲಿಮೆಂಟಿನ ಗಡಿಯಾರದ ಗೋಪುರ, ಲಂಡನ್ ಐ, ಟವರ್ ಬ್ರಿಜ್. ಕನ್ನಡಿಗರಾದರೆ ಇನ್ನೊಂದು ಸೇರುತ್ತದೆ: ನದಿಯ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ. 2016ರಲ್ಲಿ ಎಂ.ಟೆಕ್. ಪ್ರಾಜೆಕ್ಟಿಗಾಗಿ ನಾಲ್ಕು ತಿಂಗಳು ಅಲ್ಲಿದ್ದ ನನ್ನ ಬಳಿಯೂ ಇವೆಲ್ಲ ಇವೆ. ಕಲಬುರಗಿ ಕಡೆಯವನು ಬಸವಣ್ಣನ ಮುಂದೆ ನಿಂತು ಅವ್ವನಿಗೆ ವಿಡಿಯೊ ಕಾಲ್ ಮಾಡದೆ ಬರುವುದುಂಟೇ? ಆದರೆ ಒಂದು ನಗರ ತನ್ನ ನದಿಯನ್ನು ಹೇಗೆ ನಡೆಸಿಕೊಂಡಿದೆ ಎಂಬುದು ಈ ಫೋಟೊಗಳಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ನದಿ ಊರು ದಾಟುವ ಜಾಗಕ್ಕೆ ಹೋಗಬೇಕು.

ನಾನು ಹೋದದ್ದು ಅಂಥ ದೊಡ್ಡ ಆಲೋಚನೆಯಿಂದೇನಲ್ಲ. ಸ್ಟೈಪೆಂಡಿನಲ್ಲಿ ದಿನ ದೂಡುವವನಿಗೆ ದೋಣಿವಿಹಾರ ದುಬಾರಿ. ನಗರದ ಪೂರ್ವಕ್ಕಿರುವ ವೂಲಿಚ್‌ನಲ್ಲಿ ಜನರನ್ನೂ ಲಾರಿಗಳನ್ನೂ ನದಿ ದಾಟಿಸುವ ಫೆರ್ರಿಯೊಂದಿದೆ. 1889ರಿಂದ ಇವತ್ತಿನವರೆಗೂ ಅದಕ್ಕೆ ಟಿಕೆಟ್ಟೇ ಇಲ್ಲ. ಒಂದು ಭಾನುವಾರ ಅದರಲ್ಲಿ ಆಚೆಗೂ ಈಚೆಗೂ ಹೋಗಿಬಂದು, ದಕ್ಷಿಣದ ದಂಡೆ ಹಿಡಿದು ಪೂರ್ವಕ್ಕೆ ನಡೆದೆ. ಅಲ್ಲಿ ಪ್ರವಾಸಿಗರಿಲ್ಲ. ಕೆಸರು, ಹಕ್ಕಿಗಳು, ಗೋದಾಮುಗಳು. ಭೀಮೆಯ ದಂಡೆಯಲ್ಲಿ ಬೆಳೆದ ನನಗೆ ನದಿಯೆಂದರೆ ಒಂದೇ ದಿಕ್ಕು. ಥೇಮ್ಸ್ ಹಾಗಲ್ಲ. ಸಮುದ್ರದ ಉಬ್ಬರ ಬಂದಾಗ ದಿನಕ್ಕೆರಡು ಬಾರಿ ಹಿಂದಕ್ಕೆ ಹರಿಯುತ್ತದೆ, ನಗರದ ನಡುವೆಯೇ ನೀರು ಏಳು ಮೀಟರಿನವರೆಗೆ ಏರಿ ಇಳಿಯುತ್ತದೆ. ಸುಮಾರು ಎರಡು ತಾಸು ನಡೆದ ಮೇಲೆ ಕ್ರಾಸ್‌ನೆಸ್ ಎಂಬಲ್ಲಿ ಹಳೆಯ ಪಂಪ್‌ಹೌಸ್ ಸಿಕ್ಕಿತು. ಪಕ್ಕದಲ್ಲೇ ಇಂದಿನ ಕೊಳಚೆ ನೀರು ಸಂಸ್ಕರಣಾ ಘಟಕ. ಗಾಳಿ ತಿರುಗಿದಾಗ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಈ ಪಂಪ್‌ಹೌಸಿನ ಕಥೆ 1858ರ ಬೇಸಿಗೆಯಿಂದ ಶುರುವಾಗುತ್ತದೆ. ಊರಿನ ಕೊಳಚೆಯೆಲ್ಲ ನದಿಗೇ ಬೀಳುತ್ತಿತ್ತು, ಉಬ್ಬರದ ನೀರು ಅದನ್ನು ಮತ್ತೆ ಊರೊಳಗೇ ತಂದು ನಿಲ್ಲಿಸುತ್ತಿತ್ತು. ಆ ವರ್ಷ ಬಿಸಿಲು ಏರಿದಾಗ ದಂಡೆಯ ಮೇಲಿದ್ದ ಪಾರ್ಲಿಮೆಂಟಿನಲ್ಲಿ ಕೂರಲಾಗದೆ, ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರು. ಕಾಲರಾದಿಂದ ಸಾವಿರಾರು ಜನ ಸತ್ತಾಗ ಆಗದ ಕೆಲಸ ಸಂಸದರ ಮೂಗಿಗೆ ಬಡಿದಾಗ ಆಯಿತು. ಹದಿನೆಂಟು ದಿನಗಳಲ್ಲಿ ಕಾಯ್ದೆ ಪಾಸಾಯಿತು! ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಸುಮಾರು 130 ಕಿ.ಮೀ. ಉದ್ದದ ದೊಡ್ಡ ಇಟ್ಟಿಗೆಯ ಚರಂಡಿಗಳನ್ನು ಕಟ್ಟಿದ. ಇಂದು ಪ್ರವಾಸಿಗರು ಅಡ್ಡಾಡುವ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಕೆಳಗೆ ಹರಿಯುವುದು ಅಂಥದ್ದೇ ಒಂದು ಚರಂಡಿ. ಮೊದಲು ಕೊಳವೆ, ಅದರ ಮೇಲೆ ವಾಕಿಂಗ್ ದಾರಿ. ಈ ಕ್ರಮ ನೆನಪಿನಲ್ಲಿಡಬೇಕಾದದ್ದು.

ಇಷ್ಟು ಕಥೆಯನ್ನು ಎಲ್ಲರೂ ಹೊಗಳಿ ಬರೆಯುತ್ತಾರೆ. ಹೊಗಳಬೇಕಾದದ್ದೇ. ಆದರೆ ಆ ಚರಂಡಿಗಳು ಕೊಳಚೆಯನ್ನು ಸ್ವಚ್ಛ ಮಾಡಲಿಲ್ಲ, ಕೆಳಗೆ ಸಾಗಿಸಿದವು ಅಷ್ಟೆ. ಉತ್ತರ ದಂಡೆಯಲ್ಲಿ ಬೆಕ್ಟನ್, ದಕ್ಷಿಣದಲ್ಲಿ ಕ್ರಾಸ್‌ನೆಸ್. ಎರಡೂ ಕಡೆ ಕೊಳಚೆಯನ್ನು ತಡೆದಿಟ್ಟು, ಇಳಿತ ಶುರುವಾದಾಗ ಹಾಗೇ ಹಸಿಯಾಗಿ ನದಿಗೆ ಬಿಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಬಗ್ ಸರಿಮಾಡದೆ ಟಿಕೆಟ್ಟನ್ನು ಪಕ್ಕದ ಟೀಮಿಗೆ ದಾಟಿಸುವವರಿದ್ದಾರಲ್ಲ, ಹಾಗೆ. 1878ರ ಸೆಪ್ಟೆಂಬರ್ 3ರ ಸಂಜೆ ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರದ ಹಡಗು ಇದೇ ಭಾಗದಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದಕ್ಕೆ ಸ್ವಲ್ಪ ಮೊದಲಷ್ಟೇ ಕೊಳಚೆ ಬಿಟ್ಟಿದ್ದರು. ಸತ್ತವರು ಆರುನೂರಕ್ಕೂ ಹೆಚ್ಚು. ಆ ದುರಂತದ ನಂತರ, 1880ರ ದಶಕದ ಕೊನೆಯಲ್ಲಿ, ಗಟ್ಟಿ ಕೊಳಚೆಯನ್ನು ಬೇರ್ಪಡಿಸತೊಡಗಿದರು. ಬೇರ್ಪಡಿಸಿದ್ದನ್ನು ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿದರು. ಅದು ನಿಂತದ್ದು 1998ರಲ್ಲಿ! 1957ರಲ್ಲಂತೂ ಥೇಮ್ಸ್ ಜೀವಿಗಳಿಲ್ಲದ ಸತ್ತ ನದಿ ಎನಿಸಿಕೊಂಡಿತ್ತು.

ನಾನಿದ್ದ ವರ್ಷ ಅಲ್ಲಿ ಥೇಮ್ಸ್ ಟೈಡ್‌ವೇ ಸುರಂಗದ ಕೆಲಸ ಶುರುವಾಗಿತ್ತು. 25 ಕಿ.ಮೀ. ಉದ್ದ, ಏಳು ಮೀಟರಿಗೂ ಮಿಕ್ಕ ಅಗಲ. ಮಳೆ ಬಂದಾಗ ಹಳೆಯ ಚರಂಡಿಗಳು ತುಂಬಿ ನದಿಗೆ ಉಕ್ಕುವುದನ್ನು ಹಿಡಿದು ಸಂಸ್ಕರಣೆಗೆ ಒಯ್ಯಲು. 2025ರಲ್ಲಿ ಅದು ಪೂರ್ತಿ ಬಳಕೆಗೆ ಬಂತು, ಖರ್ಚು ಜನರ ನೀರಿನ ಬಿಲ್ಲಿನಲ್ಲಿ ಬರುತ್ತಿದೆ. ಕಣ್ಣಿಗೆ ಕಾಣದ ಕೊಳವೆಗೆ ಜನ ದುಡ್ಡು ಕೊಡುತ್ತಿದ್ದಾರೆ. ಬಿಗ್ ಬೆನ್‌ಗಿಂತ ನನಗೆ ಇದೇ ದೊಡ್ಡದಾಗಿ ಕಂಡಿತು.

ಇದೆಲ್ಲ ಈಗ ನೆನಪಾಗಲು ಕಾರಣ ನಾನಿರುವ ಪುಣೆ. ಇಲ್ಲಿ 44 ಕಿ.ಮೀ. ಉದ್ದಕ್ಕೆ ನದಿತೀರ ಅಭಿವೃದ್ಧಿ ಯೋಜನೆ ನಡೆದಿದೆ. ಕಲ್ಲಿನ ಮೆಟ್ಟಿಲು, ವಾಕಿಂಗ್ ದಾರಿ, ದೀಪ. ಸಹೋದ್ಯೋಗಿಗಳು ಲಂಡನ್ ಥರ ಆಗುತ್ತದೆ ಎನ್ನುತ್ತಾರೆ. ಜಪಾನಿನ ಸಾಲದ ನೆರವಿನಿಂದ ಸಂಸ್ಕರಣಾ ಘಟಕಗಳೂ ಏಳುತ್ತಿವೆ, ಇಲ್ಲವೆನ್ನುವುದಿಲ್ಲ. ಆದರೆ ಈ ನಗರದ ಕೊಳಚೆಯಲ್ಲಿ ಒಂದು ಪಾಲು ಹಾಗೇ ಮುಳಾ-ಮುಠಾ ಸೇರುತ್ತಿರುವಾಗ ಮೆಟ್ಟಿಲಿಗೇಕೆ ಇಷ್ಟು ಅವಸರ? ಇಲ್ಲಿ ಕ್ರಮ ತಲೆಕೆಳಗಾಗಿದೆ.

ಮುಳಾ-ಮುಠಾ ಹೋಗಿ ಸೇರುವುದು ಭೀಮೆಯನ್ನು. ಉಜನಿ ಅಣೆಕಟ್ಟು, ಪಂಢರಪುರ ದಾಟಿ ಆ ಭೀಮೆ ಬರುವುದು ನಮ್ಮ ಅಫಜಲಪುರ ತಾಲ್ಲೂಕಿಗೆ. ಗಾಣಗಾಪುರದ ಸಂಗಮದಲ್ಲಿ ಜನ ಮುಳುಗೆದ್ದು ಬೊಗಸೆಯಲ್ಲಿ ತೀರ್ಥ ತೆಗೆದುಕೊಳ್ಳುವುದು ಇದೇ ನದಿಯಲ್ಲಿ. ಮಳೆಗಾಲದಲ್ಲಿ ಉಜನಿಯಿಂದ ನೀರು ಬಿಟ್ಟಾಗೆಲ್ಲ ಊರಿನಿಂದ ಕಾಕಾ ಫೋನ್ ಮಾಡುತ್ತಾರೆ: “ಏನಪಾ, ನಿಮ್ಮ ಪುಣೇದ ನೀರು ಬಂತು ನೋಡು.” ತಮಾಷೆಗೆ ಹೇಳುವ ಮಾತು. ನಾನು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿದಾಗಲೂ ಅದು ನೆನಪಾಗುತ್ತದೆ.

ಎರಡು ರಾಜ್ಯಗಳ ನಡುವೆ ಕೃಷ್ಣಾ ಕಣಿವೆಯ ಜಗಳ ನಡೆದದ್ದೆಲ್ಲ ಟಿಎಂಸಿ ಲೆಕ್ಕದಲ್ಲಿ. ನೀರು ಎಷ್ಟು ಎಂದು ಕೇಳಿದಷ್ಟು ಜೋರಾಗಿ ಎಂಥದ್ದು ಎಂದು ಯಾರೂ ಕೇಳುತ್ತಿಲ್ಲ. ನದಿತೀರದ ಹೊಸ ದಾರಿಯಲ್ಲಿ ಒಂದು ಫಲಕ ಹಾಕಲಿ, ಬೆಂಗಳೂರಿನಿಂದಲೂ ಆ ಒತ್ತಾಯ ಬರಲಿ: ನಿನ್ನೆ ಎಷ್ಟು ಕೊಳಚೆ ಸಂಸ್ಕರಣೆಯಾಯಿತು, ಎಷ್ಟು ಹಾಗೇ ಹೋಯಿತು, ಭೀಮೆ ಸೇರುವ ಜಾಗದಲ್ಲಿ ನೀರು ಹೇಗಿತ್ತು. ವಾಕಿಂಗ್‌ಗೆ ಬರುವವರು ಓದಲಿ. ಅದೇ ಅಂಕಿಗಳು ಗಾಣಗಾಪುರದ ಘಾಟಿನಲ್ಲೂ ಕನ್ನಡದಲ್ಲಿ ಕಾಣಲಿ.