ಆವಾಬಾಯಿ ಹಾಕಿದ ಷರತ್ತು

ಬಾಂದ್ರಾವನ್ನು ಬಾಂದ್ರಾ ಮಾಡಿದ್ದು ಸೀ ಲಿಂಕ್ ಅಲ್ಲ, 1,57,000 ರೂಪಾಯಿ. ಟೋಲ್ ಮಾತು ಎದ್ದಾಗಲೆಲ್ಲ ಎರಡು ಪಂಗಡವಾಗಿ ಕೂಗಾಡುವ ಮುಂಬೈ ಮಂದಿ ಈ ಅಂಕಿಯನ್ನು ಬಾಯಿತಪ್ಪಿಯೂ ಹೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ, ವಿಧಾನಸಭೆ ಚುನಾವಣೆ ಹೊಸ್ತಿಲಲ್ಲಿದ್ದಾಗ, ನಗರದೊಳಗೆ ಬರುವ ಐದು ನಾಕಾಗಳಲ್ಲಿ ಕಾರುಗಳಿಗೆ ಟೋಲ್ ತೆಗೆದರು. ವರ್ಲಿಯಿಂದ ಬಾಂದ್ರಾಕ್ಕೆ ಸಮುದ್ರದ ಮೇಲೆ ಹಾಯುವ ಸೀ ಲಿಂಕ್ ಸೇತುವೆ ಆ ಪಟ್ಟಿಯಲ್ಲಿರಲಿಲ್ಲ. ಅಲ್ಲಿ ಅದೇ ವರ್ಷದ ಏಪ್ರಿಲ್‌ನಿಂದ ಕಾರಿನ ದರ 85 ರೂಪಾಯಿಯಿಂದ 100ಕ್ಕೆ ಏರಿತ್ತು. ಬಾಂದ್ರಾದವರಿಗೆ ಮಾತ್ರ ಯಾಕೆ ಈ ದಂಡ ಎಂಬ ಗೊಣಗಾಟ ಅಂದಿನಿಂದ ನಿಂತಿಲ್ಲ. ಕೇಳಬೇಕಾದ ಪ್ರಶ್ನೆ ಅದಲ್ಲವೇ ಅಲ್ಲ.

1840ರ ಸುಮಾರಿಗೆ ಮಾಹಿಮ್‌ಗೂ ಬಾಂದ್ರಾಕ್ಕೂ ನಡುವೆ ಇದ್ದದ್ದು ಕೆಸರು ಮತ್ತು ಉಬ್ಬರದ ನೀರು. ಈಚೆ ಮುಂಬೈ ದ್ವೀಪ, ಆಚೆ ಸಾಲ್ಸೆಟ್. ದಾಟಲು ದೋಣಿಯೇ ಗತಿ, ಮಳೆಗಾಲದಲ್ಲಿ ಅದನ್ನೂ ನಂಬುವಂತಿಲ್ಲ. ರಸ್ತೆ ಹಾಕಿಸಲು ಕಂಪನಿ ಸರ್ಕಾರ ದುಡ್ಡು ಬಿಚ್ಚಲಿಲ್ಲ. ಜಮ್ಶೆಟ್‌ಜೀ ಜೀಜೀಭಾಯ್ ಅವರ ಪತ್ನಿ ಲೇಡಿ ಆವಾಬಾಯಿ ಕೊಟ್ಟರು. ಮೊದಲು ಒಂದು ಲಕ್ಷ, ಅದು ಸಾಲದೆ ಹೋದಾಗ ಮತ್ತೆ 57,000. ಆ ಹಣದಲ್ಲಿ ಕಟ್ಟಿದ ರಸ್ತೆ, ಮಾಹಿಮ್ ಕಾಸ್‌ವೇ, 1845ರಲ್ಲಿ ತೆರೆಯಿತು. ಬಾಂದ್ರಾದ ಮೌಂಟ್ ಮೇರಿ ಚರ್ಚಿಗೆ ಹೊತ್ತ ಹರಕೆಯೇ ಇದಕ್ಕೆ ಕಾರಣ ಎಂಬ ಕಥೆಯೂ ಇದೆ, ಇರಲಿ. ನನಗೆ ಮುಖ್ಯ ಅನ್ನಿಸುವುದು ಅವರು ಹಾಕಿದ ಷರತ್ತು: ದಾಟುವವರಿಂದ ಕಾಸು ಕೇಳಕೂಡದು.

ಆಗ ದಾಟುತ್ತಿದ್ದವರು ಯಾರು? ಬರಿಗಾಲಿನವರು, ತಲೆಹೊರೆಯವರು, ಎತ್ತಿನ ಗಾಡಿಯವರು. ಆ ಷರತ್ತು ಇದ್ದದ್ದು ಅವರ ಪರವಾಗಿ. ಇಂದಿನ ಟೋಲ್ ಜಗಳದಲ್ಲಿ ಎರಡೂ ಕಡೆಯವರು ಕಾರಿನೊಳಗೇ ಕೂತಿದ್ದಾರೆ.

ಆ ದಾರಿ ಹೋಗಿ ಮುಟ್ಟುತ್ತಿದ್ದ ಊರಿಗೆ ಬಾಂದ್ರಾ ಎಂಬ ಹೆಸರು ನಮ್ಮ ಬಾಯಲ್ಲೂ ಇರುವ ಬಂದರಿನಿಂದಲೇ ಬಂದದ್ದು ಎನ್ನುತ್ತಾರೆ. ಪೋರ್ಚುಗೀಸರು 1640ರಲ್ಲಿ ಇಲ್ಲಿ ಕೋಟೆ ಕಟ್ಟಿದ್ದು ಮಾಹಿಮ್ ಕೊಲ್ಲಿಯ ಮೇಲೆ ಕಣ್ಣಿಡಲು. ಊರು ಎಂದರೆ ರಾನ್ವಾರ್, ಪಾಲಿ, ಚಿಂಬಾಯಿಯಂಥ ಹಳ್ಳಿಗಳ ಗೊಂಚಲು. ಕಾಸ್‌ವೇ ಬಂತು, ರೈಲು ಬಂತು, 1876ರಲ್ಲಿ ಪುರಸಭೆ. 1896ರ ಪ್ಲೇಗಿನ ಕಾಲದಲ್ಲಿ ಓಣಿಗಳ ತಿರುವಿನಲ್ಲಿ ನೆಟ್ಟ ಶಿಲುಬೆಗಳು ಇನ್ನೂ ನಿಂತಿವೆ. ಆಮೇಲೆ ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರೂ ಬಂದು ನೆಲೆಯೂರಿದರು. ಸಿನಿಮಾ ನಟರ ಬಂಗಲೆಗಳು ಬಂದದ್ದು ಎಷ್ಟೋ ಕಾಲದ ಮೇಲೆ. ಚಿಂಬಾಯಿಯಲ್ಲಿ ಬೊಂಬಿಲ್ ಮೀನು ಒಣಗುವ ವಾಸನೆಗೂ ಅಲ್ಲಿಂದ ಹತ್ತು ಹೆಜ್ಜೆ ಆಚೆಯ ಫ್ಲ್ಯಾಟುಗಳ ಬೆಲೆಗೂ ಇಂದಿಗೂ ರಾಜಿಯಾಗಿಲ್ಲ. ಬಾಂದ್ರಾವನ್ನು ‘ಉಪನಗರಗಳ ರಾಣಿ’ ಎಂದು ಬರೆಯುವವರು ಆ ವಾಸನೆಯನ್ನು ಬಿಟ್ಟೇ ಬರೆಯುತ್ತಾರೆ.

ಇನ್ನು 2009ರ ಸೀ ಲಿಂಕ್. 5.6 ಕಿಲೋಮೀಟರ್, ಎಂಟು ಪಥ. ಪಾದಚಾರಿಗೆ ಪ್ರವೇಶವಿಲ್ಲ, ಸೈಕಲ್‌ಗಿಲ್ಲ, ಬೈಕ್‌ಗಿಲ್ಲ, ಆಟೋರಿಕ್ಷಾಕ್ಕೂ ಇಲ್ಲ. ನೂರು ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ಚರ್ಚಿಸುವವರು ಈ ನಾಲ್ಕು ‘ಇಲ್ಲ’ಗಳನ್ನು ಹವಾಮಾನದಂತೆ ಒಪ್ಪಿಕೊಂಡುಬಿಟ್ಟಿದ್ದಾರೆ.

ಸೇತುವೆ ಕಟ್ಟಿದ ಸಾಲ ತೀರಬೇಡವೇ, ಎಲ್ಲ ಕಾಲಕ್ಕೂ ದಾನಿ ಸಿಗುತ್ತಾರೆಯೇ ಎಂಬ ತಕರಾರು ಗೊತ್ತಿರುವುದೇ. ಈ ವಾದಕ್ಕೆ ಉತ್ತರ ಪಕ್ಕದಲ್ಲೇ ಇದೆ. ಸುಮಾರು 14,000 ಕೋಟಿ ರೂಪಾಯಿಯ ಕೋಸ್ಟಲ್ ರೋಡನ್ನು ಕಟ್ಟಿಸಿದ್ದು ಮಹಾನಗರಪಾಲಿಕೆ. ಅಲ್ಲಿ ಟೋಲ್ ಇಲ್ಲ. ಮರೀನ್ ಡ್ರೈವ್‌ನಿಂದ ವರ್ಲಿವರೆಗೆ ಪುಕ್ಕಟೆ ಬಂದ ಕಾರು ಅಲ್ಲಿಂದ ಬಾಂದ್ರಾಕ್ಕೆ ದಾಟುವಾಗ ನೂರು ರೂಪಾಯಿ ಕೊಡುತ್ತದೆ. ಅಂದರೆ ಎಲ್ಲಿ ವಸೂಲಿ, ಎಲ್ಲಿ ಮಾಫಿ ಎನ್ನುವುದು ಲೆಕ್ಕಪತ್ರದ ಅನಿವಾರ್ಯವಲ್ಲ, ಆಳುವವರ ಆಯ್ಕೆ. ಬೈಕ್‌ನವನಿಗೆ ಮಾತ್ರ ಆಯ್ಕೆಯ ಮಾತೇ ಇಲ್ಲ, ಕೋಸ್ಟಲ್ ರೋಡಿಗೂ ಅವನನ್ನು ಬಿಡುವುದಿಲ್ಲ. ಹಾಗಾಗಿ ಸೀ ಲಿಂಕ್ ಟೋಲ್ ರದ್ದಾಗಲಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಕಾರಿನವರು ಕೊಡಲಿ. ಕೊಟ್ಟದ್ದರಲ್ಲಿ ಒಂದು ಪಾಲು ಹಳೇ ಕಾಸ್‌ವೇಗೆ ಬರಲಿ.

ಬರಬೇಕಾದ್ದು ಯಾಕೆಂದು ನೋಡಬೇಕಿದ್ದರೆ ಸಂಜೆ ಆರೂವರೆಗೆ ಕಾಸ್‌ವೇಯ ಬಾಂದ್ರಾ ತುದಿಯಲ್ಲಿ ನಿಲ್ಲಿ. ಉಪನಗರದ ಆಟೋಗಳು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಚೀಲ, ಕೂಸು, ಟಿಫಿನ್ ಡಬ್ಬಿ ಹಿಡಿದು ಜನ ಇಳಿಯುತ್ತಾರೆ. ಟ್ಯಾಕ್ಸಿ ಸಿಕ್ಕವರು ಹತ್ತುತ್ತಾರೆ, ಬಸ್ಸಿಗೆ ಕಾಯುವವರು ಕಾಯುತ್ತಾರೆ, ಉಳಿದವರು ನಡೆಯುತ್ತಾರೆ. ಕೆಳಗೆ ಮೀಠಿ ನದಿ ಸಮುದ್ರ ಸೇರುವ ಜಾಗ. ಮೂಗು ಮುಚ್ಚಿಕೊಳ್ಳದೆ ದಾಟುವವರು ಕಡಿಮೆ. ಪಶ್ಚಿಮಕ್ಕೆ ಮುಖ ಮಾಡಿದರೆ ಸೀ ಲಿಂಕ್‌ನ ಕೇಬಲ್ಲುಗಳಿಗೆ ಆಗಷ್ಟೇ ದೀಪ ಹೊತ್ತಿರುತ್ತದೆ. ಫೋಟೊ ತೆಗೆದುಕೊಳ್ಳುವವರಿಗೇನೂ ಕೊರತೆಯಿಲ್ಲ. ನಡೆಯುವವರ ಕಾಲ ಕೆಳಗಿನ ರಸ್ತೆಗೆ ಹಣ ಕೊಟ್ಟಾಕೆಯ ಹೆಸರು ಮಾಹಿಮ್ ಕಡೆಯ ಲೇಡಿ ಜಮ್ಶೆಡ್‌ಜೀ ರಸ್ತೆಯ ಫಲಕದಲ್ಲಿದೆ, ಅದೂ ಗಂಡನ ಹೆಸರಾಗಿ.

ಈಗ ವರ್ಸೋವಾದಿಂದ ಬಾಂದ್ರಾಕ್ಕೆ 17 ಕಿಲೋಮೀಟರ್‌ನ ಇನ್ನೊಂದು ಸೀ ಲಿಂಕ್ ಏಳುತ್ತಿದೆ. ಅದರ ಟೋಲ್ ಎಷ್ಟಾದೀತು ಎಂದು ಈಗಲೇ ಲೆಕ್ಕ ಹಾಕುವವರು, ಅದರ ಮೇಲೆ ಕಾಲುದಾರಿ ಇರುತ್ತದೆಯೇ ಎಂದು ಒಂದು ಸಲ ಕೇಳಿ ನೋಡಲಿ.