ಚಾಮರಾಜನಗರ ಜಿಲ್ಲೆಯ ಸಂರಕ್ಷಿತ ಕಾಡುಗಳ ನಡುವಣ ಹಾದಿಗಳನ್ನು ಉಳಿಸುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ವನ್ಯಜೀವಿ ಮಂಡಳಿ, ಬೆಂಗಳೂರು.
(ಚಾಮರಾಜನಗರ ಜಿಲ್ಲಾಧಿಕಾರಿಗಳ ಮೂಲಕ)

ವಿಷಯ: ಬಂಡೀಪುರ, ಬಿಳಿಗಿರಿರಂಗನಬೆಟ್ಟ ಹಾಗೂ ಮಲೆಮಹದೇಶ್ವರ ಬೆಟ್ಟದ ಕಾಡುಗಳನ್ನು ಬೆಸೆಯುವ ಪ್ರಾಣಿಪಥಗಳ ರಕ್ಷಣೆ ಮತ್ತು ಕಾಡಂಚಿನ ಜನರ ಹಕ್ಕುಗಳು.

ಮಾನ್ಯರೇ,

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಕಾಡಂಚಿನ ರೈತರು, ಕಾಡಿನ ಮೂಲನಿವಾಸಿಗಳಾದ ಸೋಲಿಗರ ಪೋಡುಗಳ (ಕಾಡಿನ ವಸತಿಗಳ) ನಿವಾಸಿಗಳು ಮತ್ತು ಪರಿಸರಾಸಕ್ತರು ಒಟ್ಟಾಗಿ ಈ ಮನವಿಯನ್ನು ಸಲ್ಲಿಸುತ್ತಿದ್ದಾರೆ. ಕಾಡನ್ನು ಸಂರಕ್ಷಿತವೆಂದು ಘೋಷಿಸುವುದರಲ್ಲಿ ಈ ಜಿಲ್ಲೆ ಹಿಂದೆ ಬಿದ್ದಿಲ್ಲ. ಘೋಷಿತ ಕಾಡುಗಳ ನಡುವೆ ಉಳಿದಿರುವ ಕಿರಿದಾದ ಕೊಂಡಿಗಳ ರಕ್ಷಣೆಯಲ್ಲಿಯೂ, ಆ ಕಾಡುಗಳ ಭಾರ ಹೊರುತ್ತಿರುವ ಊರುಗಳೊಂದಿಗಿನ ವ್ಯವಹಾರದಲ್ಲಿಯೂ ಆಡಳಿತ ಹಿಂದೆ ಬಿದ್ದಿದೆ ಎಂಬುದು ಮನವಿದಾರರ ಖಚಿತ ಅಭಿಪ್ರಾಯ.

ಸಂರಕ್ಷಿತ ಪ್ರದೇಶವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ ಮೊದಲಾದ ಹೆಸರುಗಳಲ್ಲಿ ಗಡಿ ಗುರುತಿಸಿ, ಬೇಟೆ ಮರಕಡಿತಗಳನ್ನು ನಿರ್ಬಂಧಿಸಿದ ನೆಲ. ಮೈಸೂರು ಅರಸರ ಕಾಲದಲ್ಲಿ, 1931ರಲ್ಲಿ, ಬಂಡೀಪುರದ ಸುತ್ತ ಸುಮಾರು 90 ಚದರ ಕಿ.ಮೀ. ಕಾಡನ್ನು ಕಾಯ್ದಿರಿಸಲಾಯಿತು, ಹತ್ತು ವರ್ಷಗಳ ತರುವಾಯ ಅದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ವಿಸ್ತರಿಸಿತು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಸೇರಿತು. ಬಿಳಿಗಿರಿರಂಗನಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ವನ್ಯಜೀವಿಧಾಮ 1987ರಲ್ಲಿ, ಮಲೆಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಬಂದವು. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಸಂಖ್ಯೆ 563ಕ್ಕೆ ಮುಟ್ಟಿದ್ದರ ಹಿಂದೆ ಈ ದೀರ್ಘಕಾಲದ ಕಾವಲು ಇದೆ. ಹುಲಿಯ ಲೆಕ್ಕಕ್ಕೆ ಸೇರದ ಇನ್ನೊಂದು ಲಾಭವೂ ಇದೆ: ಚಾಮರಾಜನಗರ ತಾಲ್ಲೂಕಿನ ಹೊಲಗದ್ದೆಗಳಿಗೆ ನೀರುಣಿಸುವ ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು ತುಂಬುವುದು ಇದೇ ಬೆಟ್ಟಕಾಡುಗಳಿಂದ ಇಳಿದು ಬರುವ ಹೊಳೆಗಳಿಂದ.

ಆದರೆ ಆನೆಗೆ ಒಂದು ಉದ್ಯಾನದ ಗಡಿ ಸಾಲದು. ನೀರು ಮೇವುಗಳನ್ನು ಅರಸಿ ಋತುವಿನಿಂದ ಋತುವಿಗೆ ಬಂಡೀಪುರ, ಮುದುಮಲೆ, ಸತ್ಯಮಂಗಲ, ಬಿಳಿಗಿರಿರಂಗನಬೆಟ್ಟಗಳ ನಡುವೆ ಓಡಾಡುವ ಹಿಂಡುಗಳು ಬಳಸುವ, ಎರಡು ದೊಡ್ಡ ಕಾಡುಗಳನ್ನು ಕೂಡಿಸುವ ಕಿರಿದಾದ ನೆಲಪಟ್ಟಿಯನ್ನು ಪ್ರಾಣಿಪಥ ಅಥವಾ ಕಾರಿಡಾರ್ ಎನ್ನುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿನ ಕಣಿಯನಪುರದ ಬಳಿ ಇಂಥ ಹಾದಿಯೊಂದು ಒಂದು ಮಗ್ಗುಲಲ್ಲಿ ಮೋಯಾರ್ ನದಿಯ ಆಳವಾದ ಕಮರಿಗೂ ಇನ್ನೊಂದು ಮಗ್ಗುಲಲ್ಲಿ ಊರಿನ ಹೊಲಗಳಿಗೂ ನಡುವೆ ಸಿಕ್ಕಿಕೊಂಡಿದೆ; ಕಮರಿಯತ್ತ ಸರಿಯಲು ಆನೆಗೆ ಜಾಗವಿಲ್ಲ, ಹೊಲದತ್ತ ಸರಿದರೆ ಜಗಳ. ಅಲ್ಲಿ ಒಂದು ರೆಸಾರ್ಟಿನ ತಂತಿಬೇಲಿ ಎದ್ದರೂ ಹಾದಿ ಮುಗಿಯಿತು. ಪುಣಜನೂರು ಮತ್ತು ಮುದ್ದಹಳ್ಳಿಗಳ ಬಳಿ ತಲಮಲೆ ಕಾಡಿನತ್ತ ಸಾಗುವ ಹಾದಿಗಳ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಬಿಳಿಗಿರಿರಂಗನಬೆಟ್ಟವನ್ನು ಪೂರ್ವದ ಕಾಡುಗಳಿಗೆ ಸೇರಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಹಾದಿಯಲ್ಲಿ ಭಾರತೀಯ ವನ್ಯಜೀವಿ ಟ್ರಸ್ಟ್ 25.5 ಎಕರೆ ಖಾಸಗಿ ಜಮೀನನ್ನು ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿದ ಉದಾಹರಣೆ ಕಣ್ಣೆದುರಿಗೇ ಇದೆ. ಇಪ್ಪತ್ತೈದು ಎಕರೆ ದೊಡ್ಡ ಸಂಖ್ಯೆಯಲ್ಲ, ಆದರೆ ಸರಿಯಾದ ಜಾಗದ ಇಪ್ಪತ್ತೈದು ಎಕರೆ ಸಾವಿರಾರು ಎಕರೆಯ ಕೆಲಸ ಮಾಡಬಲ್ಲದು. ಆದ್ದರಿಂದ ಈ ನಾಲ್ಕು ಹಾದಿಗಳ ಸರ್ವೆ ನಂಬರುಗಳನ್ನು ಗುರುತಿಸಿ ಪ್ರಕಟಿಸಬೇಕು, ಅವುಗಳಲ್ಲಿ ಭೂಪರಿವರ್ತನೆಗೆ ಅನುಮತಿ ಕೊಡುವುದನ್ನು ನಿಲ್ಲಿಸಬೇಕು, ಮತ್ತು ಮಾರಲು ತಾವಾಗಿ ಒಪ್ಪುವ ರೈತರಿಗೆ ಮಾರುಕಟ್ಟೆ ದರಕ್ಕೆ ಕಡಿಮೆಯಿಲ್ಲದ ಬೆಲೆ ಕೊಟ್ಟು ಜಮೀನು ಪಡೆಯಬೇಕೆಂದು ಮನವಿದಾರರು ಕೋರುತ್ತಾರೆ. ಒತ್ತಾಯದ ಒಕ್ಕಲೆಬ್ಬಿಸುವಿಕೆಯನ್ನು ಅವರು ಬೆಂಬಲಿಸುವುದಿಲ್ಲ.

ಬಂಡೀಪುರವನ್ನು ಸೀಳಿಕೊಂಡು ಹೋಗುವ ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಮತ್ತು ಗುಂಡ್ಲುಪೇಟೆ–ಊಟಿ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ಜಿಲ್ಲಾಡಳಿತ 2009ರಲ್ಲಿ ನಿಷೇಧಿಸಿತು. ರಾಜ್ಯ ಉಚ್ಚ ನ್ಯಾಯಾಲಯ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ ಇದೆ, ಹುಣಸೂರು–ಗೋಣಿಕೊಪ್ಪ–ಕುಟ್ಟದ ಬದಲಿ ದಾರಿಯೂ ಇದೆ. ಆದರೂ ಕೆಲವು ವರ್ಷಗಳಿಗೊಮ್ಮೆ ನಿಷೇಧ ತೆರವಿನ ಮಾತು, ಕಾಡಿನ ಮೇಲೆ ಸೇತುವೆ ಕಟ್ಟುವ ಮಾತು ಎದ್ದೇಳುತ್ತದೆ. ಈ ವಿಷಯದಲ್ಲಿ ಹೊಸ ವಿನಾಯಿತಿಗಳಿಗೆ ಮಂಡಳಿ ಒಪ್ಪಬಾರದು. ಪುಣಜನೂರಿನ ಮೂಲಕ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಸ್ಥಿತಿ ಇನ್ನೂ ವಿಚಿತ್ರವಾದುದು. ರಾಜ್ಯದ ಗಡಿ ದಾಟಿದೊಡನೆ ಹಾಸನೂರಿನ ಆಸುಪಾಸಿನಲ್ಲಿ ಆನೆಗಳು ರಸ್ತೆ ಬದಿಗೆ ಬಂದು ನಿಂತು, ಕಬ್ಬಿನ ಲಾರಿ ನಿಧಾನಿಸಿದ ಕೂಡಲೇ ಸೊಂಡಿಲು ಚಾಚಿ ಜಲ್ಲೆ ಸೆಳೆದುಕೊಳ್ಳುವುದನ್ನೂ, ಮರಿಗಳು ತಾಯಂದಿರಿಂದ ಅದೇ ಪಾಠ ಕಲಿಯುವುದನ್ನೂ ದಾರಿಹೋಕರು ಮೊಬೈಲಿನಲ್ಲಿ ಸೆರೆಹಿಡಿದು ನಗುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ; ಲಾರಿಗೆ ಕಾಯುವುದನ್ನು ಕಲಿತ ಆನೆ ಕಬ್ಬಿನ ಗದ್ದೆಗೂ ನಡೆದುಬರುತ್ತದೆ. ಇದೇ ಹೆದ್ದಾರಿಯ ದಿಂಬಂ ಘಾಟಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ 2022ರಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಹಾಕಿರುವುದರಿಂದ, ಕಬ್ಬು ಸಾಗಿಸುವ ಲಾರಿಗಳಿಗೆ ಮುಚ್ಚಿಗೆ ಕಡ್ಡಾಯ ಮಾಡುವುದೂ ಸೇರಿ ಗಡಿಯ ಈಚೆಗೂ ಹೊಂದುವ ನಿಯಮಗಳನ್ನು ತಮಿಳುನಾಡಿನೊಂದಿಗೆ ಕೂತು ರೂಪಿಸಬೇಕು.

ಕಾಡಿನ ಒಳಗೆ ಲಂಟಾನ ಎಂಬ ಕಳೆಗಿಡ ಹಬ್ಬಿ ಹುಲ್ಲು ನೆಲಕಚ್ಚಿದೆ. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿಗಳು ನಿಲ್ಲುವುದಿಲ್ಲ, ಒಣಗಿದ ಲಂಟಾನದ ಪೊದೆಗೆ ಬಿದ್ದ ಬೆಂಕಿ ಮರದ ತಲೆಗೇರುತ್ತದೆ. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದ ಬೆಂಕಿ ಅರಣ್ಯ ರಕ್ಷಕರೊಬ್ಬರ ಜೀವ ತೆಗೆದುಕೊಂಡಿತು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟಿತು. ಬೇಸಿಗೆಯ ಆರಂಭದಲ್ಲೇ ತರಗೆಲೆಗೆ ಸಣ್ಣ ಬೆಂಕಿ ಕೊಟ್ಟು ನೆಲ ಹಸನುಗೊಳಿಸುವ ಪದ್ಧತಿ ಸೋಲಿಗರಲ್ಲಿತ್ತು. ಅದನ್ನು ನಿಷೇಧಿಸಿದ ಬಳಿಕ ಲಂಟಾನವೂ, ನೆಲ್ಲಿಮರಗಳನ್ನು ಹೀರುವ ಬಂದಳಕೆಯೂ ಹೆಚ್ಚಿದವೆಂದು ಪೋಡುಗಳ ಹಿರಿಯರು ಹೇಳುತ್ತಾ ಬಂದಿದ್ದಾರೆ, ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆ ಪದ್ಧತಿಯನ್ನು ಆಯ್ದ ವಲಯಗಳಲ್ಲಿ ಇಲಾಖೆಯ ಉಸ್ತುವಾರಿಯಲ್ಲೇ ಪ್ರಯೋಗಿಸಿ ನೋಡಲು, ಮತ್ತು ಲಂಟಾನ ಕಿತ್ತು ಹುಲ್ಲು ಬೆಳೆಸುವ ಕೆಲಸವನ್ನು ಹೊರಗಿನ ಗುತ್ತಿಗೆದಾರರ ಬದಲು ಪೋಡು, ಹಾಡಿಗಳ ಜನರಿಗೇ ವರ್ಷಪೂರ್ತಿ ಕೂಲಿಯ ಮೇಲೆ ವಹಿಸಲು ಅವಕಾಶ ಬೇಕು.

2025ರ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತವು. ಈ ಕೃತ್ಯಕ್ಕೆ ಸಮರ್ಥನೆಯಿಲ್ಲ. ವಿಷವಿಕ್ಕಿದ ಕಳೇಬರ ಹುಲಿಯನ್ನಷ್ಟೇ ಅಲ್ಲ, ಈ ಸೀಮೆಯಲ್ಲಿ ಅಳಿದುಳಿದಿರುವ ರಣಹದ್ದುಗಳನ್ನೂ ಬಲಿ ತೆಗೆದುಕೊಳ್ಳಬಲ್ಲದು. ಆದರೆ ಹಸು ಕಳೆದುಕೊಂಡವನು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸ್ಥಿತಿ ಇರುವವರೆಗೆ ಬರೀ ಶಿಕ್ಷೆಯಿಂದ ಇದು ನಿಲ್ಲದು. ಕಾಡಂಚಿನ ದನಕರುಗಳ ಹಿಂದಿನ ಅರ್ಥಶಾಸ್ತ್ರವನ್ನೂ ಗಮನಿಸಬೇಕು: ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ದನ ಸಾಕುವುದು ಹಾಲಿಗಿಂತ ಹೆಚ್ಚಾಗಿ ಕೇರಳದ ತೋಟಗಳಿಗೆ ಸಾಗುವ ಸಗಣಿ ಗೊಬ್ಬರಕ್ಕೆ ಎಂಬುದನ್ನು ಎರಡು ದಶಕಗಳ ಹಿಂದೆಯೇ ಅಧ್ಯಯನವೊಂದು ತೋರಿಸಿತ್ತು. ದನ ಸತ್ತ ಸ್ಥಳದ ಮಹಜರು ನಡೆದ ಹದಿನೈದು ದಿನದೊಳಗೆ ಪರಿಹಾರದ ಹಣ ನೇರವಾಗಿ ಖಾತೆಗೆ ಬರಬೇಕು. ಕೊಟ್ಟಿಗೆಯಲ್ಲೇ ಮೇವು ಹಾಕಿ ದನ ಸಾಕುವವರಿಗೆ ಮೇವಿನ ನೆರವು ದೊರೆಯಬೇಕು.

ಮಲೆಮಹದೇಶ್ವರ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವಕ್ಕೆ ಮನವಿದಾರರ ತಾತ್ವಿಕ ವಿರೋಧವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಇತ್ಯರ್ಥವಾಗದೆ, ಗ್ರಾಮಸಭೆಗಳ ಒಪ್ಪಿಗೆಯಿಲ್ಲದೆ ಘೋಷಣೆ ಹೊರಡಿಸುವುದಕ್ಕೆ ಮಾತ್ರ ವಿರೋಧವಿದೆ. ಬಿಳಿಗಿರಿರಂಗನಬೆಟ್ಟದಲ್ಲಿ 2011ರಲ್ಲಿ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಕೊಟ್ಟಿದ್ದರಿಂದ ಹುಲಿಗೆ ಕೇಡಾಗಲಿಲ್ಲ. ಹಕ್ಕುಪತ್ರವಿದ್ದೂ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೆ ಅಲ್ಲಲ್ಲಿ ತಡೆ ಒಡ್ಡುವುದು ಮಾತ್ರ ನಿಲ್ಲಬೇಕು.

ಬಂಡೀಪುರದ ಸುತ್ತ 2012ರಲ್ಲಿ ಅಧಿಸೂಚಿತವಾದ ಪರಿಸರ ಸೂಕ್ಷ್ಮ ವಲಯ, ಅಂದರೆ ಉದ್ಯಾನದ ಗಡಿಯಾಚೆ ಕಟ್ಟಡ, ಕ್ವಾರಿಗಳನ್ನು ನಿಯಂತ್ರಿಸುವ ಅಂಚುಪಟ್ಟಿ, ಕಡತದಲ್ಲಷ್ಟೇ ಉಳಿಯಬಾರದು. ಅಲ್ಲಿ ಕಟ್ಟಿರುವ ರೆಸಾರ್ಟ್, ಹೋಂಸ್ಟೇಗಳ ಪಟ್ಟಿಯನ್ನು, ಪ್ರತಿಯೊಂದರ ಅನುಮತಿಯ ವಿವರದೊಂದಿಗೆ, ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಈ ಬೇಡಿಕೆಗಳನ್ನು ಸೇರಿಸಿ, ಪ್ರತಿಯೊಂದರ ಮೇಲೂ ಕೈಗೊಂಡ ನಿರ್ಣಯವನ್ನು ಜಿಲ್ಲಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಇಂತಿ ವಿಶ್ವಾಸಿಗಳು,
ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಕಾಡಂಚಿನ ಗ್ರಾಮಸ್ಥರು, ಪೋಡುಗಳ ನಿವಾಸಿಗಳು ಹಾಗೂ ಪರಿಸರಾಸಕ್ತರು