ಮನೆಯ ಹಿರಿಯರಾಗಿ ಕಾರ್ಯಪ್ಪನವರು



ಈ ತಿಂಗಳ 15ನೆಯ ತಾರೀಖು ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ತೀರಿಕೊಂಡ ದಿನ. 1993ರ ಮೇ 15ರಂದು, 94 ವರ್ಷ ತುಂಬಿದ ಮೇಲೆ, ಅವರು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಅವರ ಜನ್ಮದಿನವಾದ ಜನವರಿ 28ರಂದು ಕೊಡಗಿನಲ್ಲಿ ಹಾರ, ಭಾಷಣ, ಮೆರವಣಿಗೆ ಎಲ್ಲ ಆಗುತ್ತದೆ. ಮೇ ತಿಂಗಳಿನಲ್ಲಿ ನಾವು ಗೊಬ್ಬರ, ಮರಗಸಿ, ಮಳೆಗಾಲದ ಸೌದೆ ಎಂದು ಓಡಾಡುತ್ತಿರುವುದರಿಂದ ಈ ದಿನ ಸದ್ದಿಲ್ಲದೆ ದಾಟಿಹೋಗುತ್ತದೆ. ಪ್ರತಿ ತಿಂಗಳು ಇದೇ ಪುಟದಲ್ಲಿ ಅಡಿಕೆ ಧಾರಣೆಯನ್ನೋ ಕಾಂಡಕೊರಕದ ಹಾವಳಿಯನ್ನೋ ಬರೆಯುವ ನಾನು ಈ ಸಲ ಅವರ ವಿಷಯ ಎತ್ತಿಕೊಂಡಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಆ ವರ್ಷ ನನ್ನ ಡಿಗ್ರಿ ಮುಗಿದು ಮನೆಯಲ್ಲಿದ್ದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಮುಂದೇನು ಎಂಬ ಚಿಂತೆಯಲ್ಲಿ ನಮ್ಮ ತಂದೆಯವರು ಅಂಗಳದಲ್ಲಿ ಶತಪಥ ಹಾಕುತ್ತಿದ್ದ ಕಾಲ. ಸುದ್ದಿ ಬಂದ ಮಾರನೆಯ ದಿನ ಅವರು ಬಿಳಿ ಪಂಚೆ ಉಟ್ಟು, "ಏಳೋ, ಮಡಿಕೇರಿಗೆ ಹೋಗೋಣ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಜಾಗವಿರಲಿಲ್ಲ, ನಿಂತೇ ಹೋದೆವು. ಮಡಿಕೇರಿಯ ರಸ್ತೆಯ ಪಕ್ಕದಲ್ಲಿ ಮುದಿ ಸಿಪಾಯಿಗಳು ಹಳೆಯ ಕೋಟಿಗೆ ಪದಕ ಚುಚ್ಚಿಕೊಂಡು ಸಾಲಾಗಿ ನಿಂತಿದ್ದರು. ದೇಶದ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮಾನೆಕ್ ಷಾ ಅವರೂ ಬಂದಿದ್ದರು. ದೊಡ್ಡವರು ಯಾರು ಯಾರು ಬಂದಿದ್ದರೆಂಬುದಕ್ಕಿಂತ, ನಮ್ಮ ಮುಂದೆಯೇ ನಿಂತಿದ್ದ ಒಬ್ಬ ಮುದುಕರು ನನಗೆ ಇವತ್ತಿಗೂ ನೆನಪಿದ್ದಾರೆ. ಕೈಯಲ್ಲಿದ್ದ ಊರುಗೋಲನ್ನು ಪಕ್ಕದ ಹುಡುಗನ ಕೈಗೆ ಕೊಟ್ಟು, ನಡುಗುತ್ತಲೇ ಸೆಲ್ಯೂಟು ಹೊಡೆದರು. ಮನೆಯ ಯಜಮಾನ ಹೋದಾಗ ಅಳುವ ಹಾಗೆ ಅಳುತ್ತಿದ್ದರು.

ಅವರ ಜೀವನದ ಹಂತಗಳು ನಿಮಗೆಲ್ಲ ಗೊತ್ತಿರುವಂಥವೇ. 1899ರಲ್ಲಿ ಶನಿವಾರಸಂತೆಯಲ್ಲಿ ಜನನ. ತಂದೆ ಕಂದಾಯ ಇಲಾಖೆಯ ನೌಕರರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. 1919ರಲ್ಲಿ ಇಂದೋರಿನಲ್ಲಿ ತರಬೇತಾಗಿ ಅಧಿಕಾರಿಯಾದ ಮೊದಲ ಭಾರತೀಯರ ತಂಡದಲ್ಲಿ ಒಬ್ಬರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ, 1942ರಲ್ಲಿ ಒಂದು ಪಲ್ಟಣದ ನಾಯಕತ್ವ ಸಿಕ್ಕ ಮೊದಲ ಭಾರತೀಯ, ಕೊನೆಗೆ 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯ ಮಹಾದಂಡನಾಯಕ. ಆ ದಿನವನ್ನೇ ಈಗ ಸೇನಾ ದಿನವೆಂದು ಆಚರಿಸುವುದು.

ನನ್ನ ಮನಸ್ಸು ನಿಲ್ಲುವುದು ಇದರ ಮುಂದಿನ ಭಾಗದಲ್ಲಿ. 1953ರ ಜನವರಿಯಲ್ಲಿ ನಿವೃತ್ತರಾದಾಗ ಅವರಿಗೆ 54 ತುಂಬಲು ಎರಡು ವಾರ ಬಾಕಿಯಿತ್ತು. ಹೆಚ್ಚು ಕಡಿಮೆ ನನ್ನ ಈಗಿನ ವಯಸ್ಸು. ಅದಾದ ಮೇಲೆ 40 ವರ್ಷ ಬದುಕಿದರು! ಮೂರು ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೈಕಮಿಷನರ್ ಆಗಿದ್ದು ಬಂದು ಮಡಿಕೇರಿಯ 'ರೋಶನಾರ'ದಲ್ಲಿ ನೆಲೆಸಿದರು. ಮಾಜಿ ಸೈನಿಕರಿಗಾಗಿ ಅಖಿಲ ಭಾರತ ಮಟ್ಟದ ಸಂಘ ಕಟ್ಟಿದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ರಾಜಕೀಯದ ಬಗ್ಗೆ ಅವರು ಆಡುತ್ತಿದ್ದ ಕೆಲವು ಮಾತುಗಳು ನನಗೆ ಒಪ್ಪಿಗೆಯಿಲ್ಲ. ದೇಶವನ್ನು ಪಲ್ಟಣದ ಹಾಗೆ ನಡೆಸಲಾಗದು. ಇರಲಿ, ಜನ ಅವರಿಗೆ ಮತ ಕೊಡಲಿಲ್ಲ, ಗೌರವ ಕೊಟ್ಟರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂದಾಗ ಅವರಿಗೆ 87 ವರ್ಷ.

ಇಷ್ಟು ದೀರ್ಘ ಬಾಳಿನಲ್ಲಿ ನಾನು ಪದೇ ಪದೇ ನೆನೆಯುವುದು ಎರಡೇ ಪ್ರಸಂಗಗಳನ್ನು. ಎರಡೂ ಮನೆಗೆ ಸಂಬಂಧಿಸಿದವು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಇಬ್ಬರು ಮಕ್ಕಳನ್ನು ಅವರು ಬೆಳೆಸಬೇಕಾಗಿತ್ತು. ದೆಹಲಿಯಲ್ಲಿ ಮಹಾದಂಡನಾಯಕರಾಗಿದ್ದಾಗ ಮಕ್ಕಳು ಸರ್ಕಾರಿ ಕಾರು ಹತ್ತುವ ಹಾಗಿರಲಿಲ್ಲ. ಶಾಲೆಗೆ ಒಯ್ಯುವ ವಾಹನ ಬಾರದ ಒಂದು ದಿನ ಎ.ಡಿ.ಸಿ. ಅಧಿಕಾರಿ ಕನಿಕರಪಟ್ಟು ಹುಡುಗನನ್ನು ಕಾರಿನಲ್ಲಿ ಕಳಿಸಿದರು. ವಿಷಯ ತಿಳಿದಾಗ ತಂದೆ ಕೆಂಡವಾದರು, ಅದರ ವೆಚ್ಚವನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು. ಮಗನೇ ಇದನ್ನು ಬರೆದಿದ್ದಾರೆ. (ನಮ್ಮ ಸಂಘದ ವ್ಯಾನಿನ ಲಾಗ್ ಪುಸ್ತಕವನ್ನು ಈ ದೃಷ್ಟಿಯಿಂದ ಯಾರೂ ಓದದಿರುವುದೇ ಕ್ಷೇಮ. ಯಾವ ಯಾವ ಮದುವೆಗೆ ಅಡಿಗೆ ಪಾತ್ರೆ ಹೊತ್ತಿದೆಯೋ!)

ಎರಡನೆಯದು 1965ರದು. ಭಾಷಣಗಳಲ್ಲಿ ಹೇಳಿ ಹೇಳಿ ಸವೆದಿರುವ ಕಥೆ, ಆದರೂ ನಿಧಾನವಾಗಿ ಯೋಚಿಸಬೇಕಾದ್ದು. ಅದೇ ಮಗ, ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಕೆ.ಸಿ. ಕಾರ್ಯಪ್ಪ, ಯುದ್ಧದ ಕಡೆಯ ದಿನ ಸೆಪ್ಟೆಂಬರ್ 22ರಂದು ವಿಮಾನ ಉರುಳಿ, ಬೆನ್ನಿಗೆ ಪೆಟ್ಟು ಬಿದ್ದು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನಿಮ್ಮ ಮಗನನ್ನು ಬಿಟ್ಟು ಕಳಿಸುತ್ತೇವೆ ಎಂದು ದೆಹಲಿಯ ತಮ್ಮ ಹೈಕಮಿಷನರ್ ಮುಖಾಂತರ ಹೇಳಿಕಳಿಸಿದರು. ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಅವನೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬುದು ತಂದೆಯ ಉತ್ತರ.

ಭಾಷಣದಲ್ಲಿ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ. ನನಗೆ ಮುಖ್ಯವೆನಿಸುವುದು ಅದರ ನಂತರದ ದಿನಗಳು. ಮಗ ಮರಳಿ ಬಂದದ್ದು 1966ರ ಜನವರಿಯಲ್ಲಿ. ಅಂದರೆ ಅಷ್ಟು ತಿಂಗಳು 66 ವರ್ಷದ ತಂದೆ ಮಡಿಕೇರಿಯ ಆ ಮನೆಯಲ್ಲಿ, ಒಂದು ಮಾತಿನಿಂದ ತರಿಸಿಕೊಳ್ಳಬಹುದಾಗಿದ್ದ ಮಗನನ್ನು ತರಿಸಿಕೊಳ್ಳದೆ ಕಾದರು. ಹೇಳುವುದು ಒಂದು ನಿಮಿಷದ ಕೆಲಸ. ಆಮೇಲಿನ ಒಂದೊಂದು ರಾತ್ರಿಯೂ ಆ ಮಾತಿನ ಜೊತೆಯಲ್ಲೇ ಮಲಗಬೇಕು. ನನ್ನಿಂದ ಆಗುತ್ತಿರಲಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನನಗೆ ಖಚಿತವಾಗಿ ಗೊತ್ತು. ಇದರ ನೂರರಲ್ಲೊಂದು ಪಾಲಿನ ಪರೀಕ್ಷೆ ಬಂದಾಗ ನಾನು ಸೋತಿದ್ದೇನೆ.

ಈಗ ಆ ಕಾರಣ. ಕೆಲವು ವರ್ಷಗಳ ಹಿಂದೆ ಮೇ ಕೊನೆಯಲ್ಲಿ ಮೈಲುತುತ್ತದ ಲಾರಿ ತಡವಾಗಿ ಬಂದದ್ದು ನಿಮಗೆ ನೆನಪಿರಬಹುದು. ಬಂದದ್ದೂ ಬೇಡಿಕೆಯ ಅರ್ಧ. ಹೆಸರು ಬರೆಸಿದ ಕ್ರಮದಲ್ಲೇ ಹಂಚುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಆ ರಾತ್ರಿ ನನ್ನ ಅಕ್ಕ ಫೋನು ಮಾಡಿ, "ನಿನ್ನ ಭಾವನಿಗೆ ಎರಡು ಚೀಲ ತೆಗೆದಿಡು, ನೀನೇ ಕಾರ್ಯದರ್ಶಿ, ಅಷ್ಟೂ ಆಗಲ್ವಾ?" ಎಂದಳು. ತೆಗೆದಿಟ್ಟೆ. ಆ ಎರಡು ಚೀಲದಲ್ಲಿ ನಾಲ್ಕು ಸಣ್ಣ ಹಿಡುವಳಿದಾರರ ಮೊದಲ ಸಿಂಪಡಣೆ ಮುಗಿಯುತ್ತಿತ್ತು. ಬೋರ್ಡೋ ದ್ರಾವಣದ ಲೆಕ್ಕ ನಿಮಗೆ ನಾನು ಹೇಳಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಮಳೆ ಹಿಡಿಯುವ ಮುಂಚೆ ಗೊನೆಗೆ ಬೀಳಬೇಕು, ಆಮೇಲೆ ಹೊಡೆದರೆ ಅರ್ಧ ಫಲ. ಪಟ್ಟಿಯಲ್ಲಿ ಹನ್ನೊಂದನೆಯವರಾಗಿದ್ದ ಒಬ್ಬ ಹಿರಿಯ ಸದಸ್ಯರಿಗೆ, ಮುಕ್ಕಾಲು ಎಕರೆ ಅಡಿಕೆಯೇ ಜೀವನಾಧಾರವಾದವರಿಗೆ, ಮಾಲು ಸಿಕ್ಕಿದ್ದು ಜೂನ್ ಮೂರನೆಯ ವಾರ. ಆ ವರ್ಷ ಅವರ ತೋಟದಲ್ಲಿ ಕೊಳೆ ಬಂದು, ಎಳೆಗಾಯಿ ಮರದ ಬುಡದಲ್ಲಿ ಹಾಸಿ ಬಿದ್ದಿತ್ತು.

ಸೆಪ್ಟೆಂಬರಿನಲ್ಲಿ ಅವರು ಕಚೇರಿಗೆ ಬಂದು ಸಾಲದ ಕಂತಿಗೆ ವಾಯಿದೆ ಕೇಳಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು, "ನನ್ನ ನಂಬರು ಹನ್ನೊಂದಲ್ವಾ ಸ್ವಾಮಿ?" ಎಂದಷ್ಟೇ ಕೇಳಿದರು. ನಾನು ಏನೋ ಹೇಳಿದೆ. ಏನು ಹೇಳಿದೆನೆಂದು ಜ್ಞಾಪಕವಿಲ್ಲ. ಅವರು ಈಗ ಇಲ್ಲ. ಅವರ ಮಗ ನಮ್ಮ ಸದಸ್ಯ, ಈ ಪುಟವನ್ನು ಓದುತ್ತಾನೆ. ಅಚ್ಚಿಗೆ ಕೊಡುವ ಮುಂಚೆ ಅವನ ಮನೆಗೆ ಹೋಗಿ ಇದಿಷ್ಟನ್ನೂ ಹೇಳಿ ಬಂದಿದ್ದೇನೆ. ಕಾಫಿ ಕೊಟ್ಟ, ಹೆಚ್ಚು ಮಾತಾಡಲಿಲ್ಲ.

ನಮ್ಮ ಸಂಘದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ನೆಂಟರೇ. ಆದ್ದರಿಂದ ಕಾರ್ಯದರ್ಶಿಯ ಒಳ್ಳೆಯತನವನ್ನು ನಂಬಿ ಹಂಚಿಕೆ ನಡೆಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಯಪ್ಪನವರಂಥ ಹಿರಿಯರು ಊರಿಗೊಬ್ಬರು ಸಿಗುವುದಿಲ್ಲ, ಗೋಡೆಗೆ ಒಂದು ಹಲಗೆ ಯಾವ ಊರಿನಲ್ಲಾದರೂ ಸಿಗುತ್ತದೆ. ಮೈಲುತುತ್ತ, ಗೊಬ್ಬರ, ಸಾಲ ಯಾವುದೇ ಇರಲಿ, ಹೆಸರು ಬರೆಸಿದ ತಾರೀಖು ಮತ್ತು ಕ್ರಮಸಂಖ್ಯೆಯೊಡನೆ ಪಟ್ಟಿ ಹೊರಗೆ ತೂಗಬೇಕು. ಮಾಲು ಕೊಟ್ಟ ದಿನವನ್ನು ಅದೇ ಸಾಲಿನಲ್ಲಿ ಬರೆಯಬೇಕು. ಹೀಗೆಂದು ಮಂಡಳಿಯ ಮುಂದೆ ಸೂಚನೆ ಇಟ್ಟಿದ್ದೇನೆ. ಒಬ್ಬಿಬ್ಬರು ನಿರ್ದೇಶಕರಿಗೆ ಇದು ಹಿಡಿಸಿಲ್ಲ. ವಾರ್ಷಿಕ ಸಭೆಯಲ್ಲಿ ನೀವೇ ಮಾತಾಡಿ.

ಮೈಲುತುತ್ತದ ಮಟ್ಟಿಗೆ ಸಭೆಯವರೆಗೆ ಕಾಯಲು ಮಳೆ ಬಿಡುವುದಿಲ್ಲ. ಈ ಸಾಲಿನ ಪಟ್ಟಿಯನ್ನು ಕಚೇರಿಯ ಜಗಲಿಯಲ್ಲಿ ಹಾಕಿದ್ದೇನೆ. ನನ್ನ ಭಾವನವರ ಹೆಸರು ಮೂವತ್ತನಾಲ್ಕನೆಯದು. ಅಕ್ಕ ಎರಡು ಸಲ ಫೋನು ಮಾಡಿದ್ದಾಳೆ.